ಗೋಡೆಯ ಫೋಟೋದಲ್ಲಿ ಇಲ್ಲದ ಅಜ್ಜಿ

ಮಗಳಿಗೆ ನಾಲ್ಕನೇ ಕ್ಲಾಸು. ನಾವಿರುವುದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರ. ಅವಳಿಗೆ ಈ ವರ್ಷ 'ಒರೆಗಾನ್ ಟ್ರೇಲ್' ಪಾಠ ಇತ್ತು. ನೂರೆಪ್ಪತ್ತು ವರ್ಷಗಳ ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು ಪೂರ್ವದಿಂದ ಪಶ್ಚಿಮಕ್ಕೆ ವಲಸೆ ಬಂದವರ ಕಥೆ ಅದು. ಜನವರಿಯ ಒಂದು ಸಂಜೆ ಅವಳು ಶಾಲೆಯಿಂದ ದೊಡ್ಡ ಹಾಳೆಯೊಂದನ್ನು ತಂದು ಊಟದ ಟೇಬಲ್ ಮೇಲೆ ಹರಡಿದಳು. ಹಾಳೆ ತುಂಬ ಒಂದು ಮರ. ಬುಡದಲ್ಲಿ ಅವಳ ಹೆಸರು, ಮೇಲೆ ಎರಡು ಕೊಂಬೆ. ಒಂದು ಅಪ್ಪನ ಕಡೆಯದು, ಇನ್ನೊಂದು ನನ್ನದು.

"ಅಮ್ಮಾ, ಬರೀ ಹೆಸರು ಬರೆದ್ರೆ ಸಾಲದಂತೆ. ಒಬ್ಬರದ್ದಾದ್ರೂ ಪ್ರೂಫ್ ತೋರಿಸಬೇಕಂತೆ. ಆರು ವಾರ ಟೈಮ್ ಇದೆ."

ನನ್ನ ಗಂಡ ಅಮೆರಿಕದವನು. ಅವನ ಮನೆಯವರು ಒರೆಗಾನಿಗೆ ಮೊದಮೊದಲು ಬಂದು ನೆಲೆಸಿದವರ ಪೈಕಿ. ಅವನು ನಕ್ಕು, "ಅಮ್ಮನಿಗೆ ಫೋನ್ ಮಾಡು, ಐದು ನಿಮಿಷದ ಕೆಲಸ" ಅಂದ.

ಆ ಐದು ನಿಮಿಷದ ಕೆಲಸ ಪೂರ್ತಿ ಆರು ವಾರ ಹಿಡಿಯಿತು. ಮುಗಿಯುವಷ್ಟರಲ್ಲಿ ಆ ಮನೆತನ ನೂರು ವರ್ಷಕ್ಕೂ ಹೆಚ್ಚು ಕಾಲ ಮರೆತಿದ್ದ ಒಬ್ಬ ಹೆಣ್ಣುಮಗಳು ಸಿಕ್ಕಿದ್ದಳು.

ಅತ್ತೆಯ ಮನೆಯ ಕಥೆ

ಇಲ್ಲಿ ಸೊಸೆ ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಾಳೆ. ರಾಣೆಬೆನ್ನೂರಿನಿಂದ ಬಂದ ನನಗೆ ನಾಲಿಗೆ ಹೊರಳಲಿಲ್ಲ. ಮದುವೆಯಾದ ಹೊಸತರಲ್ಲೇ "ಅತ್ತೆ" ಅಂದುಬಿಟ್ಟೆ. ಅವರಿಗೂ ಅದು ಹಿಡಿಸಿತು. ಈಗ ಮಗನೂ ಒಮ್ಮೊಮ್ಮೆ ಅವರನ್ನು 'ಅತ್ತೆ' ಎಂದು ಕರೆದು ನನ್ನಿಂದ ಬೈಸಿಕೊಳ್ಳುತ್ತಾನೆ. ಈ ಲೇಖನ ಬರೆಯುತ್ತೇನೆ ಅಂದಾಗ ಅವರು ಹಾಕಿದ ಷರತ್ತು ಒಂದೇ: ಮನೆತನದ ಹೆಸರು, ಊರಿನ ಹೆಸರು ಬೇಡ. ಹಾಗಾಗಿ ಇಲ್ಲಿ ಬರುವವರೆಲ್ಲ ಅಜ್ಜ, ಅಜ್ಜಿ ಅಷ್ಟೇ.

ಅತ್ತೆಯ ಮನೆ ವಿಲಮೆಟ್ ನದಿಯ ಕಣಿವೆಯಲ್ಲಿದೆ. ಬೈಠಕ್ ಕೋಣೆಯ ಗೋಡೆಯಲ್ಲಿ ಒಂದು ಹಳೇ ಫೋಟೋ. ಗಡ್ಡ ಬಿಟ್ಟ ಮುದುಕ ಕುರ್ಚಿಯಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ಕಪ್ಪು ಉಡುಪಿನ ಅಜ್ಜಿ ನಿಂತಿದ್ದಾಳೆ. ಅವನು ಅತ್ತೆಯ ಮುತ್ತಜ್ಜನ ಅಪ್ಪ. ಮನೆಯಲ್ಲಿ ಹೇಳಿಕೊಂಡು ಬಂದ ಕಥೆ ಇಷ್ಟು: 1852ರಲ್ಲಿ ಒಂದು ಜೋಡಿ ಎತ್ತು, ಒಂದು ಬಂದೂಕು ಹಿಡಿದು ಒಬ್ಬನೇ ಬಂದ. ಖಾಲಿ ಬಿದ್ದಿದ್ದ ಜಮೀನು ಹಿಡಿದ. ಇಲ್ಲೇ ಮದುವೆಯಾದ. ಅಲ್ಲಿಂದ ನಮ್ಮ ವಂಶ ಬೆಳೆಯಿತು.

"ಸರಿ, ಇದನ್ನೇ ಬರೆದುಕೊಳ್ಳಲಿ ಮಗು" ಅಂದರು ಅತ್ತೆ.

"ಪ್ರೂಫ್ ಬೇಕಂತಲ್ಲ ಅತ್ತೆ."

ಒಬ್ಬನೇ ಬಂದ, ಖಾಲಿ ಜಮೀನು, ಇಲ್ಲೇ ಮದುವೆ. ಈ ಮೂರು ಮಾತನ್ನು ನಾನು ಫೋನಿನಲ್ಲಿ ನೋಟ್ ಮಾಡಿಕೊಂಡೆ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಯಾರಾದರೂ 'ಇದು ಹೀಗೇ' ಅಂದರೆ ಪರೀಕ್ಷೆ ಮಾಡದೆ ಬಿಡುವ ಅಭ್ಯಾಸ ಹೋಗಿಬಿಟ್ಟಿದೆ.

ಮಕ್ಕಳು ಹುಟ್ಟಿದ ಊರುಗಳೇ ದಾರಿಯ ಗುರುತು

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. ನಮ್ಮ ದೇಶದಲ್ಲಿ ಗಣತಿಯ ವೈಯಕ್ತಿಕ ವಿವರ ಗುಟ್ಟಾಗಿಯೇ ಉಳಿಯುತ್ತದೆ. ಇಲ್ಲಿ ಹಾಗಲ್ಲ. 72 ವರ್ಷ ಕಳೆದ ಮೇಲೆ ಮನೆ ಮನೆಯ ಪಟ್ಟಿಯನ್ನೇ ಸಾರ್ವಜನಿಕರಿಗೆ ಬಿಟ್ಟುಕೊಡುತ್ತಾರೆ. 1950ರ ಪಟ್ಟಿ 2022ರ ಏಪ್ರಿಲ್‌ನಲ್ಲಿ ಹೊರಬಂತು. ಹಳೆಯ ಪಟ್ಟಿಗಳ ಚಿತ್ರಗಳನ್ನು ಫ್ಯಾಮಿಲಿಸರ್ಚ್‌ನಂಥ ತಾಣಗಳಲ್ಲಿ ಪುಕ್ಕಟೆ ನೋಡಬಹುದು.

ಈ ಹುಡುಕಾಟಕ್ಕೊಂದು ನಿಯಮವಿದೆ. ಗೊತ್ತಿರುವ ಕಡೆಯಿಂದ ಹಿಂದಕ್ಕೆ ಹೋಗಬೇಕು. ಹಾರಿ ಹೋಗುವಂತಿಲ್ಲ. ಅತ್ತೆಯ ಅಪ್ಪ, ಅವರ ಅಪ್ಪ, ಹೀಗೆ ಒಂದೊಂದೇ ಮೆಟ್ಟಿಲು ಇಳಿದೆ. ನಡುವೆ 1890ರ ಮೆಟ್ಟಿಲೇ ಇಲ್ಲ. 1921ರಲ್ಲಿ ವಾಷಿಂಗ್ಟನ್‌ನ ಸರಕಾರಿ ಕಟ್ಟಡಕ್ಕೆ ಬೆಂಕಿ ಬಿದ್ದು ಆ ವರ್ಷದ ಪಟ್ಟಿಗಳು ಹಾಳಾದವು, ಬಹುಪಾಲು ಇವತ್ತಿಗೆ ಉಳಿದಿಲ್ಲ. ಅದನ್ನು ದಾಟಿ 1880ಕ್ಕೆ ಬಂದೆ. ಅಲ್ಲಿ ಸಿಕ್ಕರು ಗೋಡೆಯ ಫೋಟೋದ ದಂಪತಿ. ಅವನಿಗೆ 58, ಅವಳಿಗೆ 45. ಅವನು ಹುಟ್ಟಿದ್ದು ಕೆಂಟಕಿ ರಾಜ್ಯದಲ್ಲಿ. ಇಲ್ಲಿಯವರೆಗೆ ಎಲ್ಲ ಸರಿ.

ಅದಕ್ಕೂ ಹಿಂದೆ, 1860. ಅದೇ ದಂಪತಿ. ಗಂಡನಿಗೆ 38, ಹೆಂಡತಿಗೆ 25. ಕೆಳಗೆ ನಾಲ್ಕು ಮಕ್ಕಳು, ಪ್ರತಿಯೊಬ್ಬರ ಮುಂದೆ ವಯಸ್ಸು, ಹುಟ್ಟಿದ ರಾಜ್ಯ.

ಹುಡುಗಿ, 14, ಇಲಿನಾಯ್.
ಹುಡುಗ, 11, ಅಯೋವಾ.
ಹುಡುಗಿ, 5, ಒರೆಗಾನ್.
ಹುಡುಗ, 3, ಒರೆಗಾನ್.

ಮಗಳನ್ನು ಕರೆದು ಗೋಡೆಯ ಮೇಲಿನ ನಕಾಶೆಯಲ್ಲಿ ಪಿನ್ ಚುಚ್ಚಲು ಹೇಳಿದೆ. ಕೆಂಟಕಿ, ಇಲಿನಾಯ್, ಅಯೋವಾ, ಆಮೇಲೆ ದೂರದ ಒರೆಗಾನ್. ಪಿನ್‌ಗಳು ಎಡಕ್ಕೆ, ಎಡಕ್ಕೆ ಸರಿಯುತ್ತ ಹೋದವು. ಯಾವ ಡೈರಿ, ಯಾವ ಪತ್ರವೂ ಇಲ್ಲದೆ ಬರೀ ಮಕ್ಕಳು ಹುಟ್ಟಿದ ಜಾಗಗಳಿಂದಲೇ ಒಂದು ಸಂಸಾರದ ದಾರಿ ತಿಳಿಯಿತು. ಅವನು ಬಂದದ್ದು ಒಮ್ಮೆಲೇ ಅಲ್ಲ. ಹದಿನೈದು-ಇಪ್ಪತ್ತು ವರ್ಷ ಸ್ವಲ್ಪ ಸ್ವಲ್ಪವೇ ಪಶ್ಚಿಮಕ್ಕೆ ಸರಿಯುತ್ತ ಬಂದಿದ್ದ.

ಆಗ ಮಗಳು ಕೇಳಿದಳು: "ಅಮ್ಮಾ, ಈ ಆಂಟಿಗೆ 25. ದೊಡ್ಡ ಮಗಳಿಗೆ 14. ಹಾಗಾದ್ರೆ ಹನ್ನೊಂದನೇ ವಯಸ್ಸಿಗೆ ಮಗು ಆಯ್ತಾ?"

ನಾನು ಆ ಪುಟವನ್ನು ಮೂರು ಸಲ ನೋಡಿದ್ದೆ. ಈ ಲೆಕ್ಕ ನನಗೆ ಹೊಳೆದಿರಲಿಲ್ಲ.

1860ರ ಪಟ್ಟಿಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬರೆಯುತ್ತಿರಲಿಲ್ಲ. ಸಂಬಂಧದ ಕಾಲಂ ಬಂದದ್ದೇ 1880ರಲ್ಲಿ. ಒಂದೇ ಮನೆಯಲ್ಲಿದ್ದರು ಅಂತ ಅವಳೇ ಅಮ್ಮ ಎಂದು ನಾವು ಅಂದುಕೊಂಡಿದ್ದೆವು, ಅಷ್ಟೆ. ಅತ್ತೆಯ ಮುತ್ತಜ್ಜ ಆ ಹನ್ನೊಂದು ವರ್ಷದ ಹುಡುಗ, ಅಯೋವಾದಲ್ಲಿ ಹುಟ್ಟಿದವನು. ಹಾಗಾದರೆ ಅವನ ಅಮ್ಮ ಯಾರು?

1850, ಅಯೋವಾ

ಅಮೆರಿಕದ ಜನಗಣತಿಯಲ್ಲಿ 1850 ಮುಖ್ಯ ವರ್ಷ. ಅದಕ್ಕೂ ಮೊದಲು ಮನೆಯ ಯಜಮಾನನ ಹೆಸರು ಮಾತ್ರ ಬರೆದು, ಉಳಿದವರನ್ನು ವಯಸ್ಸಿನ ಗುಂಪು ಮಾಡಿ ಎಣಿಸುತ್ತಿದ್ದರು. ಹೆಂಡತಿ, ಮಕ್ಕಳು ಬರೀ ಅಂಕಿ. 1850ರಲ್ಲಿ ಮೊದಲ ಸಲ ಮನೆಯ ಎಲ್ಲರ ಹೆಸರು ಬಂತು. 'ಎಲ್ಲರ' ಅಂದರೆ ಗುಲಾಮರಲ್ಲದವರ. ಗುಲಾಮರಿಗೆ ಬೇರೆ ಪಟ್ಟಿ. ಅದರಲ್ಲಿ ಹೆಚ್ಚುಕಡಿಮೆ ಯಾರಿಗೂ ಹೆಸರಿಲ್ಲ, ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ಅವರ ಮೊಮ್ಮಕ್ಕಳು ಇವತ್ತು ಹುಡುಕಲು ಕೂತರೆ 1870ರಾಚೆ ಹೆಸರು ಸಿಗುವುದೇ ಕಷ್ಟ. ನಮ್ಮ ಹುಡುಕಾಟ ಇಷ್ಟು ಸಲೀಸಾಗಿ ನಡೆದದ್ದಕ್ಕೆ ಅವರ ಮೈಬಣ್ಣವೂ ಒಂದು ಕಾರಣ ಎಂಬುದು ನನಗೆ ಅಲ್ಲೇ ಅರಿವಾಯಿತು.

ಒಂದು ಶನಿವಾರ ರಾತ್ರಿ, ಮಗಳು ಮಲಗಿದ ಮೇಲೆ, ಅಯೋವಾದ ಪುಟ ಸಿಕ್ಕಿತು. ಇಂಕು ಮಾಸಿದೆ, ಅಕ್ಷರ ಕೊಕ್ಕೆ ಕೊಕ್ಕೆ. ಹೆಸರಿನ ಕಾಗುಣಿತವೂ ಬೇರೆ. ಗಣತಿಯವನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದ. ಆದರೆ ವಯಸ್ಸು, ರಾಜ್ಯ ಎಲ್ಲ ಹೊಂದುತ್ತಿತ್ತು. ಗಂಡ 28, ರೈತ, ಕೆಂಟಕಿ. ಮಗಳು 4, ಇಲಿನಾಯ್. ಮಗ 1, ಅಯೋವಾ. ಗಂಡನಿಗೂ ಮಗಳಿಗೂ ನಡುವಿನ ಸಾಲಿನಲ್ಲಿ ಒಬ್ಬಳು ಹೆಂಗಸು. ವಯಸ್ಸು 24, ಹುಟ್ಟಿದ್ದು ಕೆಂಟಕಿ.

ಅವಳ ಹೆಸರು ಫೋಟೋದ ಅಜ್ಜಿಯದಲ್ಲ.

ರಾತ್ರಿ ಹನ್ನೊಂದೂವರೆಗೆ ಗಂಡನನ್ನು ಎಬ್ಬಿಸಿ ಫೋನ್ ತೋರಿಸಿದೆ. ಅವನು ಕಣ್ಣು ಉಜ್ಜಿಕೊಂಡು ಓದಿದ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದು ಅಮ್ಮನ ಮಧ್ಯದ ಹೆಸರು" ಅಂದ.

ಬಗರ್‌ಹುಕುಂ ಥರದ ಒಂದು ಕಾನೂನು

ಅತ್ತೆಗೆ ಹೇಳುವ ಮೊದಲು ಇನ್ನೊಂದು ಕಾಗದ ನೋಡಬೇಕಿತ್ತು: ಜಮೀನಿನ ಕಡತ.

1850ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಒರೆಗಾನಿಗಾಗಿ 'ಡೊನೇಷನ್ ಲ್ಯಾಂಡ್ ಕ್ಲೇಮ್' ಎಂಬ ಕಾನೂನು ಮಾಡಿತು. ನಮ್ಮಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿದವರು ಅರ್ಜಿ ಹಾಕಿ, ಸಾಕ್ಷಿ ಕೊಟ್ಟು, ಕೊನೆಗೆ ಹಕ್ಕುಪತ್ರ ಪಡೆಯುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಜಮೀನಿನಲ್ಲಿ ನಾಲ್ಕು ವರ್ಷ ಇರಬೇಕು, ಉಳಬೇಕು, ನೆರೆಯವರು ಬಂದು ಹೌದೆಂದು ಸಾಕ್ಷಿ ಹೇಳಬೇಕು. 1850ರ ಡಿಸೆಂಬರ್ ನಂತರ ಬಂದವರಲ್ಲಿ ಒಂಟಿ ಗಂಡಸಿಗೆ 160 ಎಕರೆ. ಮದುವೆಯಾದವನಿಗೆ 320. ಅದರಲ್ಲಿ ಅರ್ಧ ಹೆಂಡತಿಯ ಸ್ವಂತ ಹೆಸರಿಗೆ. ಒರೆಗಾನಿಗೆ ಬಂದು ಒಂದು ವರ್ಷದೊಳಗೆ ಮದುವೆಯಾದವರಿಗೂ 320 ಸಿಗುತ್ತಿತ್ತು.

ಈ ಅರ್ಜಿದಾರರು ಹುಟ್ಟಿದ್ದು ಎಲ್ಲಿ, ಒರೆಗಾನಿಗೆ ಬಂದದ್ದು ಯಾವಾಗ, ಮದುವೆ ಎಂದು, ಯಾರ ಜೊತೆ, ಎಲ್ಲವನ್ನೂ ಪ್ರಮಾಣ ಮಾಡಿ ಬರೆಸಬೇಕಿತ್ತು. ವಂಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಈ ಕಡತಗಳನ್ನು ಮೈಕ್ರೋಫಿಲ್ಮ್ ಮಾಡಿಸಿದೆ. ಒಂದು ದಿನ ರಜೆ ಹಾಕಿ ಗ್ರಂಥಾಲಯದ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತೆ. ಹಿಡಿ ತಿರುಗಿಸಿ ತಿರುಗಿಸಿ ಮಧ್ಯಾಹ್ನದ ಹೊತ್ತಿಗೆ ಕಡತ ಬಂತು.

ಒರೆಗಾನಿಗೆ ಬಂದದ್ದು: ಅಕ್ಟೋಬರ್ 1852.
ಜಮೀನಿಗೆ ಕಾಲಿಟ್ಟದ್ದು: ಮಾರ್ಚ್ 1853.
ಮದುವೆ: ಆಗಸ್ಟ್ 1853.

ಬಂದ ಹತ್ತು ತಿಂಗಳಿಗೆ ಮದುವೆ. ಒಂದು ವರ್ಷದ ಗಡುವಿಗೆ ಇನ್ನೆರಡೇ ತಿಂಗಳು ಬಾಕಿ. ಹೆಂಡತಿಯ ಹೆಸರಿನ ಜಾಗದಲ್ಲಿ ಫೋಟೋದ ಅಜ್ಜಿ, ಆಗ ಅವಳಿಗೆ ಹದಿನೆಂಟು.

ಕಡತದಲ್ಲಿ ಅವಳ ತವರಿನ ಹೆಸರೂ ಇತ್ತು. ಆ ಹೆಸರನ್ನು ನಾನು ಎಲ್ಲೋ ನೋಡಿದ್ದೆ. ಫೋನ್ ತೆಗೆದು ಅಯೋವಾದ ಪುಟ ಮತ್ತೆ ತೆರೆದೆ. ಎರಡು ಮನೆ ಆಚೆ, ಅದೇ ಹೆಸರಿನ ಕುಟುಂಬ. ಅದರಲ್ಲಿ ಹದಿನೈದು ವರ್ಷದ ಒಬ್ಬ ಹುಡುಗಿ. ಅವಳೇ. ಕಡತದಲ್ಲಿ ಸಾಕ್ಷಿ ಹಾಕಿದ ನೆರೆಯವನೂ ಅಯೋವಾದ ಅದೇ ಪುಟದಲ್ಲಿದ್ದ.

ಒಬ್ಬನೇ ಬಂದ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಅವನು ಬಂದದ್ದು ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು. ಸುತ್ತಲಿನ ಮನೆಯವರೂ ಅಲ್ಲಿಂದಲೇ ಬಂದಿದ್ದರು. ಫೋಟೋದ ಅಜ್ಜಿ ಎಲ್ಲಿಂದಲೋ ಬಂದು ಸೇರಿದವಳೂ ಅಲ್ಲ. ಸತ್ತವಳು ಅವಳಿಗೆ ಪಕ್ಕದ ಮನೆಯ ಅಕ್ಕ.

ದಾರಿಯ ನಡುವಿನ ಖಾಲಿ ಜಾಗ

ಮಿಸೌರಿ ನದಿಯಿಂದ ಒರೆಗಾನಿಗೆ ಸುಮಾರು 3,200 ಕಿಲೋಮೀಟರ್. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೋದ ಹಾಗೆ. ಹುಲ್ಲು ಚಿಗುರುವ ಏಪ್ರಿಲ್-ಮೇ ತಿಂಗಳಲ್ಲಿ ಹೊರಟು, ಹಿಮ ಬೀಳುವ ಮೊದಲು ಬೆಟ್ಟ ದಾಟಬೇಕು. ಐದಾರು ತಿಂಗಳ ದಾರಿ. ಬಟ್ಟೆ ಹೊದೆಸಿದ ಕಮಾನು ಗಾಡಿ ಅಂದ ತಕ್ಷಣ ನಮಗೆ ಎಲ್ಲರೂ ಅದರೊಳಗೆ ಕೂತಂತೆ ಕಾಣುತ್ತದೆ. ನಿಜವಾಗಿ ಗಾಡಿ ತುಂಬ ಹಿಟ್ಟು, ಉಪ್ಪು ಹಚ್ಚಿದ ಮಾಂಸ, ಬೀನ್ಸ್, ನೇಗಿಲು, ಹಾಸಿಗೆ. ಜನ ಹೆಚ್ಚಾಗಿ ನಡೆದೇ ಬಂದರು, ಎತ್ತಿನ ಪಕ್ಕದಲ್ಲಿ, ದಿನಕ್ಕೆ 20-25 ಕಿಲೋಮೀಟರ್. 1840ರಿಂದ 1869ರಲ್ಲಿ ರೈಲು ಬರುವವರೆಗೆ ಈ ದಾರಿಗಳಲ್ಲಿ ಪಶ್ಚಿಮಕ್ಕೆ ಹೋದವರು 3ರಿಂದ 4 ಲಕ್ಷ ಎಂದು ಅಂದಾಜು.

1852ರಲ್ಲಿ ದಾರಿ ಕಿಕ್ಕಿರಿದಿತ್ತು. ಆ ವರ್ಷ ಕಾಲರಾ ಕೂಡ ಜೋರಾಗಿತ್ತು. ಪ್ಲ್ಯಾಟ್ ನದಿಯ ಉದ್ದಕ್ಕೂ ಜನ ಒಂದೇ ಕಡೆ ಬಿಡಾರ ಹೂಡಿ, ಅದೇ ನೀರು ಕುಡಿಯುತ್ತಿದ್ದರು. ಬೆಳಗ್ಗೆ ಗಟ್ಟಿಯಾಗಿದ್ದವರು ಸಂಜೆಗೆ ಇಲ್ಲ. ಹೂತ ಜಾಗವನ್ನು ತೋಳಗಳು ಕೆದಕದಿರಲಿ ಎಂದು ಎಷ್ಟೋ ಸಲ ಗಾಡಿದಾರಿಯಲ್ಲೇ ಗುಣಿ ತೋಡಿ, ಮೇಲೆ ಗಾಡಿ ಹಾಯಿಸಿ ಗುರುತು ಅಳಿಸುತ್ತಿದ್ದರು. ಮರುದಿನ ಮತ್ತೆ ನಡೆಯಬೇಕು. ಅಳಲಿಕ್ಕೂ ಪುರಸೊತ್ತಿಲ್ಲ.

ನನ್ನ ಮಗಳು "ಹಾಗಾದ್ರೆ ಆ ಅಜ್ಜಿ ಕಾಲರಾದಿಂದ ಸತ್ತಳು ಅಂತ ಬರೀಲಾ?" ಅಂದಳು.

ಬರೆಯಬೇಡ ಅಂದೆ. 1850ರ ಬೇಸಿಗೆಯಲ್ಲಿ ಅವಳು ಅಯೋವಾದಲ್ಲಿ ಬದುಕಿದ್ದಳು, 1853ರ ಆಗಸ್ಟ್‌ನಲ್ಲಿ ಅವನು ಬೇರೆ ಮದುವೆಯಾದ. ದಾಖಲೆ ಹೇಳುವುದು ಇಷ್ಟೇ. ಹೊರಡುವ ಮೊದಲೇ ಹೆರಿಗೆಯಲ್ಲಿ ಹೋಗಿರಬಹುದು, ದಾರಿಯಲ್ಲಿ ಹೋಗಿರಬಹುದು, ಇಲ್ಲಿಗೆ ಬಂದ ಮೇಲೂ ಇರಬಹುದು. ಅಯೋವಾದಲ್ಲಿ ಆಗ ಸಾವಿನ ನೋಂದಣಿ ಇರಲಿಲ್ಲ. ಕಥೆ ಚೆನ್ನಾಗಿರುತ್ತದೆ ಅಂತ ಖಾಲಿ ಜಾಗವನ್ನು ತುಂಬಿದರೆ, 'ಒಬ್ಬನೇ ಬಂದ' ಅಂತ ಹೇಳಿದವರಿಗೂ ನಮಗೂ ಏನು ವ್ಯತ್ಯಾಸ?

"ಹಾಗಾದ್ರೆ ಗೋಡೆ ಮೇಲಿರೋಳು ಯಾರು?"

ಮುಂದಿನ ಭಾನುವಾರ ಪ್ರಿಂಟ್ ಔಟ್‌ಗಳನ್ನೆಲ್ಲ ಹಿಡಿದು ಅತ್ತೆಯ ಮನೆಗೆ ಹೋದೆವು. ಒಂದೊಂದೇ ಹಾಳೆ ಮುಂದಿಟ್ಟೆ. ಅತ್ತೆ ಕನ್ನಡಕ ಏರಿಸಿ ಓದಿದರು. ತಮ್ಮ ಮಧ್ಯದ ಹೆಸರು ಕಂಡಾಗ ಬೆರಳು ಆ ಸಾಲಿನ ಮೇಲೇ ನಿಂತಿತು.

"ಇದು ನಮ್ಮ ಮನೆಯ ಹಳೇ ಹೆಸರು ಅಂತ ಅಮ್ಮ ಹೇಳ್ತಿದ್ದಳು. ಯಾರದು ಅಂತ ಅವಳಿಗೂ ಗೊತ್ತಿರಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ ಫೋಟೋ ಕಡೆ ತಿರುಗಿ, "ಹಾಗಾದ್ರೆ ಗೋಡೆ ಮೇಲಿರೋಳು ಯಾರು? ನಮಗೆ ಏನೂ ಅಲ್ಲವಾ?" ಅಂದರು. ಎಪ್ಪತ್ತು ದಾಟಿದ ಹೆಂಗಸು ಮಗುವಿನ ಹಾಗೆ ಕೇಳಿದರು.

"ಜಮೀನಿಗೋಸ್ಕರ ಮದುವೆ ಆದ್ನಾ ಅವನು?" ಎಂದೂ ಕೇಳಿದರು.

ನನಗೆ ಗೊತ್ತಿರಲಿಲ್ಲ. ಆ ಕಾನೂನಿನಿಂದಾಗಿ ಒರೆಗಾನಿನಲ್ಲಿ ಹದಿಮೂರು-ಹದಿನಾಲ್ಕರ ಹುಡುಗಿಯರಿಗೂ ಮದುವೆಯಾದದ್ದು ನಿಜ. ಇಬ್ಬರು ತಬ್ಬಲಿ ಮಕ್ಕಳನ್ನು ಸಾಕಲು ಮನೆಗೊಂದು ಹೆಣ್ಣು ಬೇಕಿತ್ತು ಎನ್ನುವುದೂ ನಿಜವಿರಬಹುದು. ಅವನ ಮನಸ್ಸಿನಲ್ಲಿ ಏನಿತ್ತೋ ಕಡತದಲ್ಲಿಲ್ಲ. ಆದರೆ ಅವಳ ಮನಸ್ಸಿನ ಒಂದು ಸುಳಿವು ನನ್ನ ಹತ್ತಿರ ಇತ್ತು. 1860ರ ಹಾಳೆಯನ್ನು ಮತ್ತೆ ಮುಂದಿಟ್ಟು ಮೂರನೇ ಮಗುವಿನ ಸಾಲು ತೋರಿಸಿದೆ. ಐದು ವರ್ಷದ ಹುಡುಗಿ, ಒರೆಗಾನ್. ಫೋಟೋದ ಅಜ್ಜಿ ಹೆತ್ತ ಮೊದಲ ಮಗು.

ಅದರ ಹೆಸರು, ಸತ್ತವಳ ಹೆಸರು.

ನಮ್ಮ ಕಥೆಗಳಲ್ಲಿ ಮಲತಾಯಿ ಅಂದರೆ ಕೆಟ್ಟವಳೇ. ಇಲ್ಲೊಬ್ಬಳು ಇದ್ದಳು, ಹದಿನೆಂಟಕ್ಕೆ ಪಕ್ಕದ ಮನೆಯ ಅಕ್ಕನ ಮಕ್ಕಳನ್ನು ಮಡಿಲಿಗೆ ತೆಗೆದುಕೊಂಡವಳು, ತನ್ನ ಚೊಚ್ಚಲ ಮಗಳಿಗೆ ಆ ಅಕ್ಕನ ಹೆಸರೇ ಇಟ್ಟವಳು. ಹೆಸರು ಆರಿಸಿದ್ದು ಅವನೋ ಅವಳೋ ನಮಗೆ ತಿಳಿಯದು. ಆದರೆ ದಿನಕ್ಕೆ ನೂರು ಸಲ ಆ ಹೆಸರು ಹಿಡಿದು ಕರೆದವಳು ಅವಳೇ ತಾನೆ? ಮನೆಯ ಕಥೆಯಲ್ಲಿ ಸತ್ತವಳ ಸುದ್ದಿ ಹೋಯಿತು. ಹೆಸರು ಮಾತ್ರ ಮಗಳಿಂದ ಸೊಸೆಗೆ, ಮೊಮ್ಮಗಳಿಗೆ ದಾಟುತ್ತ ದಾಟುತ್ತ ಅತ್ತೆಯವರೆಗೆ ಬಂತು.

ಅತ್ತೆ ಎದ್ದು ಹೋಗಿ ಫೋಟೋದ ಗಾಜನ್ನು ತೋಳಿನಿಂದ ಒರೆಸಿದರು. "ಇವಳೂ ನಮ್ಮ ಅಜ್ಜಿಯೇ" ಅಂದರು.

ಖಾಲಿ ಜಮೀನು?

ಒಬ್ಬನೇ ಬಂದ ಎಂಬುದು ಸುಳ್ಳಾಯಿತು. ಇಲ್ಲೇ ಮದುವೆ ಎಂಬುದು ಅರ್ಧ ನಿಜವಾಯಿತು. ಮೂರನೇ ಮಾತು ಉಳಿದಿತ್ತು. ಅದನ್ನು ಎತ್ತಲು ನನಗೆ ಧೈರ್ಯ ಸಾಲಲಿಲ್ಲ. ಎತ್ತಿದ್ದು ಗಂಡ.

ವಿಲಮೆಟ್ ಕಣಿವೆ ಕಲಪುಯಾ ಜನರ ನೆಲ. ಸಾವಿರಾರು ವರ್ಷ ಅಲ್ಲಿ ಬಾಳಿದವರು. ಕಾಮಾಸ್ ಎಂಬ ಗೆಡ್ಡೆ ಅವರ ಮುಖ್ಯ ಆಹಾರ. ವರ್ಷವರ್ಷ ಹುಲ್ಲಿಗೆ ಬೆಂಕಿ ಕೊಟ್ಟು ಬಯಲನ್ನು ಬಯಲಾಗಿಯೇ ಉಳಿಸಿಕೊಂಡಿದ್ದರು. ವಲಸಿಗರು ಬಂದು 'ಎಷ್ಟು ಚೆಂದದ ತೆರೆದ ಹುಲ್ಲುಗಾವಲು' ಅಂದದ್ದು ಅವರು ಮಾಡಿಟ್ಟ ನೆಲವನ್ನೇ. 1830ರ ದಶಕದ ಜ್ವರದ ಪಿಡುಗು ಅವರಲ್ಲಿ ಬಹುಪಾಲು ಜನರನ್ನು ಕೊಂದಿತ್ತು. ಉಳಿದವರ ಜೊತೆ 1851ರಲ್ಲಿ ಮಾಡಿದ ಒಪ್ಪಂದಗಳನ್ನು ಅಮೆರಿಕದ ಸೆನೆಟ್ ಒಪ್ಪಲಿಲ್ಲ. ಭೂಮಿ ಬಿಟ್ಟುಕೊಡುವ ಒಪ್ಪಂದ ಆದದ್ದು 1855ರ ಜನವರಿಯಲ್ಲಿ. 1856ರಲ್ಲಿ ಅವರನ್ನು ಗ್ರ್ಯಾಂಡ್ ರೋಂಡ್ ಮೀಸಲು ಪ್ರದೇಶಕ್ಕೆ ಸಾಗಿಸಿದರು. ಅವರ ವಂಶದವರು ಇವತ್ತಿಗೂ ಅಲ್ಲಿದ್ದಾರೆ.

ಈಗ ಕಡತದ ತಾರೀಖು ನೋಡಿ. ನಮ್ಮ ಅಜ್ಜ ಜಮೀನಿಗೆ ಕಾಲಿಟ್ಟದ್ದು 1853ರ ಮಾರ್ಚ್. ಒಪ್ಪಂದಕ್ಕೂ ಎರಡು ವರ್ಷ ಮೊದಲು. ಸರಕಾರ ಯಾರದೋ ಮನೆಯ ಅಂಗಳವನ್ನು ಅವರನ್ನು ಕೇಳುವ ಮೊದಲೇ ಹಂಚಿತ್ತು.

ಅತ್ತೆ ಈ ಸಲ ಬೇಸರ ಮಾಡಿಕೊಂಡರು. "ಅವನು ಬಡ ರೈತ. ಕಾನೂನು ಕೊಟ್ಟಿತು, ತಗೊಂಡ. ಅವನೇನು ತಪ್ಪು ಮಾಡಿದ?" ಅಂದರು. ಆ ಮಾತಿನಲ್ಲೂ ನಿಜವಿದೆ. ನಾನು ವಾದ ಮಾಡಲಿಲ್ಲ. ಆ ಕಾನೂನು ಭೂಮಿ ಕೊಟ್ಟದ್ದು ಬಿಳಿಯರಿಗೆ, ಅರ್ಧ ಬಿಳಿಯ ರಕ್ತದ ಮೂಲನಿವಾಸಿಗಳಿಗೆ ಮಾತ್ರ. ಕಪ್ಪು ಜನರಿಗೆ ಇಲ್ಲಿ ನೆಲೆಸುವುದಕ್ಕೇ ನಿಷೇಧ ಇತ್ತು. 1923ರಲ್ಲಿ ಸುಪ್ರೀಂ ಕೋರ್ಟು ಭಾರತೀಯರು 'ಬಿಳಿಯರಲ್ಲ', ಹಾಗಾಗಿ ಪೌರತ್ವ ಇಲ್ಲ ಎಂದು ತೀರ್ಪು ಕೊಟ್ಟ ಭಗತ್ ಸಿಂಗ್ ಥಿಂಡ್ ಪ್ರಕರಣ ಶುರುವಾದದ್ದೂ ಇದೇ ಒರೆಗಾನಿನಲ್ಲಿ. ನನ್ನ ಮಗಳ ಮರದ ಒಂದು ಕೊಂಬೆಗೆ ಈ ನೆಲ ಪುಕ್ಕಟೆ ಸಿಕ್ಕಿತು, ಇನ್ನೊಂದು ಕೊಂಬೆಗೆ ಬಾಗಿಲೇ ಮುಚ್ಚಿತ್ತು. ಎರಡೂ ಅವಳವೇ.

ವಾರದ ನಂತರ ಅತ್ತೆಯೇ ಫೋನ್ ಮಾಡಿದರು. "ಮಗುವಿಗೆ ಹೇಳು, 'ಖಾಲಿ ಜಮೀನು' ಅಂತ ಬರೀಬೇಡ. 'ಕಲಪುಯಾ ಜಮೀನು' ಅಂತ ಬರೀಲಿ."

ಇನ್ನೊಂದು ಕೊಂಬೆ

ಅಪ್ಪನ ಕೊಂಬೆ ತುಂಬಿತು. ನನ್ನದು ಬೋಳು. ಅಜ್ಜಿಯ ಹೆಸರು ಗೊತ್ತು, ಅವಳ ಅಮ್ಮನ ಹೆಸರು ಗೊತ್ತಿಲ್ಲ. ಪರದೇಶದ ಒಬ್ಬ ರೈತನ ಹೆಂಡತಿಯ ಹೆಸರನ್ನು 1850ರಿಂದ ಎಳೆದು ತಂದ ನನಗೆ ನನ್ನ ಮುತ್ತಜ್ಜಿಯ ಹೆಸರು ಗೊತ್ತಿಲ್ಲ!

ನಾಚಿಕೆಯಾಗಿ ರಾಣೆಬೆನ್ನೂರಿಗೆ ವಿಡಿಯೊ ಕಾಲ್ ಹಾಕಿದೆ.

"ನಮ್ಮಲ್ಲಿ ಕಾಗದ ಎಲ್ಲೈತಿ ಬೇ? ಸುಗ್ಗಿ ಆದಮ್ಯಾಲೆ ಹೆಳವ ಬರತಿದ್ದ, ಎತ್ತಿನ ಮ್ಯಾಲೆ ಕುಂತು. ಗಂಟಿ ಬಾರಿಸಿ, ಮನಿ ಮುಂದ ನಿಂತು ಏಳು ತಲಿಮಾರು ಹೇಳತಿದ್ದ. ಜ್ವಾಳ ಕೊಡತಿದ್ವಿ" ಅಂದಳು ಅವ್ವ. "ಖರೆ ಅವ ಹೇಳೂದು ಗಂಡಸರ ಹೆಸರು. ಹೆಣ್ಮಕ್ಕಳದು 'ಇಂಥಾ ಊರಿಗೆ ಕೊಟ್ಟಾರ' ಅಂತ ಅಷ್ಟ."

ಅಲ್ಲೂ ಹಾಗೇ, ಇಲ್ಲೂ ಹಾಗೇ. ಫೋನ್ ಇಡಬೇಕು ಅನ್ನುವಷ್ಟರಲ್ಲಿ ಅವ್ವ ಅಂದಳು: "ಅಲ್ಲ, ನಿನ್ನ ತೊಟ್ಟಿಲ ಹೆಸರು ಯಾರದಂತ ತಿಳದೀ? ನಮ್ಮವ್ವನ ಅವ್ವಂದು. ನೀ ಆ ಹೆಸರಿಗೆ ಸಿಟ್ಟು ಮಾಡತಿದ್ದಿ ಅಂತ ಕರಿಯೂದು ಬಿಟ್ವಿ."

ಹೌದು. ಶಾಲೆಯಲ್ಲಿ ಯಾರಾದರೂ ಕೇಳಿಬಿಟ್ಟಾರು ಎಂದು ಹೆದರಿ ನಾನೇ ಬಿಡಿಸಿದ್ದ ಹೆಸರು. ಆ ಹೆಸರನ್ನು ಮೂವತ್ತು ವರ್ಷಗಳ ಮೇಲೆ ನನ್ನ ಮಗಳು ಕನ್ನಡ ಅಕ್ಷರದಲ್ಲಿ, ಒತ್ತು ತಪ್ಪಿಸಿ, ಮರದ ಕೊಂಬೆಯಲ್ಲಿ ಬರೆದಳು.

ನೀವೂ ಹುಡುಕುವುದಾದರೆ

ಮೊದಲು ಮನೆಯ ಹಿರಿಯರನ್ನು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಕಾಗದ ಕಾಯುತ್ತದೆ, ಅವರು ಕಾಯುವುದಿಲ್ಲ. ಹೆಸರು ಮಾತ್ರ ಕೇಳಬೇಡಿ, 'ಯಾರ ಹೆಸರು ಯಾರಿಗಿಟ್ಟರು' ಅಂತಲೂ ಕೇಳಿ. ಹಳೆಯ ಪಹಣಿ, ಖರೀದಿ ಪತ್ರ, ಶಾಲಾ ದಾಖಲಾತಿ, ಮದುವೆ ಕರೆಯೋಲೆ ಯಾವುದೂ ಚಿಕ್ಕದಲ್ಲ. ಜಮೀನಿನ ಕಾಗದ ಸಿಕ್ಕರೆ ಚಕ್ಕುಬಂದಿ ಮತ್ತು ಸಾಕ್ಷಿದಾರರ ಹೆಸರು ಓದಿ. ನಮ್ಮವರ ಗುಟ್ಟು ಎಷ್ಟೋ ಸಲ ನೆರೆಯವರ ಸಾಲಿನಲ್ಲಿರುತ್ತದೆ. ಕಾಗುಣಿತ ಬೇರೆಯಿದ್ದರೆ ಬಿಟ್ಟುಬಿಡಬೇಡಿ, ವಯಸ್ಸು ತಾಳೆ ನೋಡಿ. ಸಿಗದಿದ್ದನ್ನು ಸಿಗಲಿಲ್ಲ ಅಂತಲೇ ಬರೆದಿಡಿ.

ಮಗಳು ಹಾಳೆ ಒಪ್ಪಿಸಿದಳು. 1850ರ ಅಯೋವಾದಿಂದ 1852ರ ಒರೆಗಾನಿನವರೆಗೆ ಅವಳು ಎಳೆದದ್ದು ಚುಕ್ಕಿ ಚುಕ್ಕಿ ಗೆರೆ. ಕೇಳಿದರೆ, "ಇಲ್ಲಿ ನಮಗೆ ಗೊತ್ತಿಲ್ಲ, ಅದಕ್ಕೆ" ಅಂತ ಹೇಳಿದಳಂತೆ.

ಮೊನ್ನೆ ಅತ್ತೆಯ ಮನೆಗೆ ಹೋಗಿದ್ದೆವು. ಹಳೇ ಫೋಟೋದ ಪಕ್ಕದಲ್ಲಿ ಹೊಸದೊಂದು ಚಿಕ್ಕ ಫ್ರೇಮು. ಒಳಗೆ ಮುಖ ಇಲ್ಲ. ಮಾಸಿದ ಇಂಕಿನ ಒಂದೇ ಸಾಲು: ಒಂದು ಹೆಸರು, 24, ಕೆಂಟಕಿ.